ಮಠ, ಆಶ್ರಮ, ಕಾನ್ವೆಂಟ್ ಬಿಟ್ಟು ಬಂದ ಮೇಲೆ ಮನೆ ಮತ್ತು ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು 13 ವರ್ಷ ಕಾನ್ವೆಂಟಿನಲ್ಲಿದ್ದು, 34ನೇ ವಯಸ್ಸಿನಲ್ಲಿ ಹೊರಗೆ ಬಂದವಳು. ಬಂದ ದಿನ ನನ್ನ ಹತ್ತಿರ ಒಂದು ತಗಡಿನ ಟ್ರಂಕು, ಮೂರು ಸಾವಿರ ರೂಪಾಯಿ, ಅಕ್ಕನ ಫೋನ್ ನಂಬರ್ ಬರೆದ ಚೀಟಿ ಇತ್ತು. ಆಮೇಲೆ ಬಾಯಿಂದ ಬಾಯಿಗೆ ನನ್ನ ಹೆಸರು ಹೋಗಿ, ಬೇರೆಯವರು ಫೋನ್ ಮಾಡತೊಡಗಿದರು. ಧರ್ಮಭಗಿನಿಯರು, ಪಾದ್ರಿಯಾಗಲು ಓದುವ ಗುರುಮಠದಿಂದ ಬಂದ ಹುಡುಗರು, ಆಶ್ರಮ ಬಿಟ್ಟ ಬ್ರಹ್ಮಚಾರಿಗಳು, ಚಿಕ್ಕಂದಿನಲ್ಲೇ ಮರಿ (ಮುಂದೆ ಸ್ವಾಮಿಯಾಗಬೇಕಾದ ಹುಡುಗ) ಮಾಡಿ ಮಠಕ್ಕೆ ಬಿಟ್ಟಿದ್ದ ಒಬ್ಬಿಬ್ಬರು. ಧರ್ಮ ಬೇರೆ, ಬಟ್ಟೆಯ ಬಣ್ಣ ಬೇರೆ. ಕೇಳುವುದು ಮಾತ್ರ ಅದನ್ನೇ: ಎಲ್ಲಿರಲಿ, ಏನು ಮಾಡಿ ಬದುಕಲಿ? ಅವರು ಕೇಳಿದ ಹಾಗೆಯೇ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

## ಹೊರಡುವ ಮೊದಲು

"ಹೊರಡೋಕೆ ಮುಂಚೆ ಏನೇನು ಕೈಲಿ ಇಟ್ಕೋಬೇಕು?"

ದುಡ್ಡಿಗಿಂತ ಮೊದಲು ಕಾಗದ. ಆಧಾರ್, ಪ್ಯಾನ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಟಿಸಿ, ಪದವಿ ಅಥವಾ ನರ್ಸಿಂಗ್ ಸರ್ಟಿಫಿಕೇಟು, ನಿಮ್ಮ ಹೆಸರಿನಲ್ಲಿ ಬ್ಯಾಂಕ್ ಖಾತೆ ಇದ್ದರೆ ಅದರ ಪಾಸ್‌ಬುಕ್ಕು. ಮೂಲ ಸಿಗದಿದ್ದರೆ ಫೋಟೋ ಆದರೂ ತೆಗೆದಿಟ್ಟುಕೊಳ್ಳಿ.

ಇವೆಲ್ಲಕ್ಕಿಂತ ಮುಖ್ಯವಾದ, ಯಾರಿಗೂ ಹೊಳೆಯದ ಒಂದು ವಿಷಯವಿದೆ. ಆಧಾರಿಗೆ ಯಾರ ಮೊಬೈಲ್ ನಂಬರ್ ಜೋಡಿಸಿದ್ದಾರೆ ನೋಡಿ. ನಮ್ಮಲ್ಲಿ ಬಹುತೇಕ ಎಲ್ಲರದ್ದೂ ಕಾನ್ವೆಂಟಿನ ಆಫೀಸ್ ನಂಬರಿಗೇ ಸೇರಿತ್ತು. ಹೊರಗೆ ಬಂದು ನಾನು ಏನು ಮಾಡಹೋದರೂ ಒಟಿಪಿ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಅವರ ಟೇಬಲ್ಲಿನ ಮೇಲಿದ್ದ ಫೋನಿಗೆ ಹೋಗುತ್ತಿತ್ತು. ಒಂದು ಸ್ವಂತ ಸಿಮ್ ಕೊಂಡು ಆಧಾರ್ ಕೇಂದ್ರಕ್ಕೆ ಹೋಗಿ. ನಂಬರ್ ಬದಲಿಸಲು ಬೇರೆ ದಾಖಲೆ ಬೇಡ, ನಿಮ್ಮ ಬೆರಳಚ್ಚು ಸಾಕು. ಈ ಒಂದು ಕೆಲಸ ಆದರೆ ಮುಂದಿನ ಹತ್ತು ಕೆಲಸ ಸಲೀಸು.

"ನನ್ನ ಸರ್ಟಿಫಿಕೇಟೆಲ್ಲ ಅವರ ಬೀರುವಿನಲ್ಲಿದೆ. ಕೊಡ್ತಿಲ್ಲ. ಏನು ಮಾಡಲಿ?"

ಬಾಯಲ್ಲಿ ಕೇಳುತ್ತಾ ಕೂರಬೇಡಿ. ಯಾವ ಯಾವ ದಾಖಲೆ ಬೇಕೆಂದು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಪತ್ರದ ನಕಲನ್ನೂ ರಸೀದಿಯನ್ನೂ ಜೋಪಾನ ಮಾಡಿ. ಅದಕ್ಕೂ ಬಗ್ಗದಿದ್ದರೆ ನಿಮ್ಮ ತಾಲ್ಲೂಕಿನ ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಸಹಾಯವಾಣಿ 15100. ಎಷ್ಟೋ ಸಲ ವಕೀಲರ ಒಂದು ನೋಟಿಸಿಗೇ ಬೀರುವಿನ ಬಾಗಿಲು ತೆರೆಯುತ್ತದೆ.

ಜೊತೆಜೊತೆಗೇ ನಕಲು ಪ್ರತಿಗೂ ಓಡಾಡಿ. ಎಸ್‌ಎಸ್‌ಎಲ್‌ಸಿಯದ್ದಾದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರಿಂದ ಶುರು ಮಾಡಿ. ಮಂಡಳಿಯ ಕಚೇರಿ ಬೆಂಗಳೂರಿನ ಮಲ್ಲೇಶ್ವರದಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಪಾಸಾದವರಿಗೆ ಡಿಜಿಲಾಕರಿನಲ್ಲೇ ಸಿಗಬಹುದು.

"ಬಿಡಲ್ಲ ಅಂತಿದ್ದಾರೆ. ಹೊರಗೆ ಬರೋ ಹಕ್ಕು ನಂಗಿದೆಯಾ?"

ಇದೆ. 18 ತುಂಬಿದ ಯಾರನ್ನೂ ಯಾವ ಮಠವೂ ಯಾವ ಕಾನ್ವೆಂಟೂ ಹಿಡಿದಿಡುವಂತಿಲ್ಲ. ಕೋಣೆಯಲ್ಲಿ ಕೂಡಿಹಾಕಿದರೆ ಅದು ಅಪರಾಧ. 112ಕ್ಕೆ ಫೋನ್ ಮಾಡಿ.

ಕಥೋಲಿಕ ಸಭೆಗಳಲ್ಲಿ, ಅಂದರೆ ವ್ರತ ತೆಗೆದುಕೊಂಡವರ ಸಂಘಗಳಲ್ಲಿ, ಇರುವವರಿಗೆ ಒಳದಾರಿಯೂ ಗೊತ್ತಿರಲಿ. ತಾತ್ಕಾಲಿಕ ವ್ರತದಲ್ಲಿದ್ದರೆ ಅವಧಿ ಮುಗಿದ ದಿನ ನೀವು ಹೊರಡಬಹುದು. ಕೊನೆಯ, ಅಂದರೆ ಜೀವನಪರ್ಯಂತದ ವ್ರತ ಆಗಿದ್ದರೆ ಸಭೆ ಬಿಡುವ ಅನುಮತಿ ಪತ್ರಕ್ಕೆ ಅರ್ಜಿ ಕೊಡಬೇಕು. ಅದಕ್ಕೂ ಮೊದಲು, ಹೆಚ್ಚೆಂದರೆ ಮೂರು ವರ್ಷ, ಸಭೆಯಿಂದ ಹೊರಗೆ ವಾಸಿಸಲು ಪರಮ ಶ್ರೇಷ್ಠೆಯವರು (ಇಡೀ ಸಭೆಯ ಮುಖ್ಯಸ್ಥೆ) ತಮ್ಮ ಸಲಹಾ ಮಂಡಳಿಯ ಒಪ್ಪಿಗೆಯೊಂದಿಗೆ ಅನುಮತಿ ಕೊಡಲು ಚರ್ಚಿನ ಕಾನೂನಿನ 686ನೇ ವಿಧಿಯಲ್ಲಿ ಅವಕಾಶವಿದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮನಸ್ಸು ಇನ್ನೂ ತೂಗುಯ್ಯಾಲೆಯಲ್ಲಿ ಇರುವವರು ಈ ಅವಧಿಯಲ್ಲಿ ಕೆಲಸ ಹುಡುಕಿ, ಕಾಲೂರಿ, ಆಮೇಲೆ ತೀರ್ಮಾನ ಮಾಡಬಹುದು.

## ಮೊದಲ ಕೆಲವು ವಾರ

"ಮೊದಲನೇ ರಾತ್ರಿ ಎಲ್ಲಿ ಮಲಗಲಿ?"

ಹೆಂಗಸರಾದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಜಿಲ್ಲಾ ಕೇಂದ್ರಗಳಲ್ಲಿರುವ ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ಐದು ದಿನದ ತನಕ ತಂಗಬಹುದು. ಇನ್ನೂ ಹೆಚ್ಚು ದಿನ ಬೇಕಾದರೆ ಶಕ್ತಿ ಸದನವೆಂಬ ಮಹಿಳೆಯರ ಆಶ್ರಯಧಾಮಕ್ಕೆ ಅವರೇ ಕಳಿಸುತ್ತಾರೆ. "ಅದು ಹೊಡೆಸಿಕೊಂಡು ಬಂದವರಿಗಲ್ವಾ?" ಎಂದು ಹಿಂಜರಿಯುತ್ತಾರೆ. ಕಷ್ಟದಲ್ಲಿರುವ, ತಲೆ ಮೇಲೆ ಸೂರಿಲ್ಲದ ಹೆಣ್ಣು ಅನ್ನುವಷ್ಟು ಸಾಕು, ಹೋಗಿ.

ಗಂಡಸರಿಗೆ ಇಂಥದ್ದೊಂದು ವ್ಯವಸ್ಥೆಯೇ ಇಲ್ಲ, ನನಗೆ ಅದು ತುಂಬ ನೋವಿನ ಸಂಗತಿ. ದೊಡ್ಡ ಊರುಗಳಲ್ಲಿ ವಸತಿರಹಿತರಿಗಾಗಿ ಪಾಲಿಕೆ ನಡೆಸುವ ರಾತ್ರಿ ಆಶ್ರಯ ಕೇಂದ್ರಗಳಿವೆ. ಅದಕ್ಕಿಂತ, ನಿಮಗಿಂತ ಮುಂಚೆ ಬಿಟ್ಟು ಬಂದ ಯಾರದ್ದಾದರೂ ರೂಮಿನಲ್ಲಿ ಒಂದು ಚಾಪೆಯ ಜಾಗ ಕೇಳಿ. ಕೇಳಲು ಸಂಕೋಚ ಬೇಡ. ಅವರೂ ಒಂದು ಕಾಲಕ್ಕೆ ಹಾಗೇ ಕೇಳಿದವರು.

"ಅಪ್ಪ ಅಮ್ಮನ ಮನೆಗೇ ಹೋದ್ರೆ ಆಗಲ್ವಾ?"

ಬಾಗಿಲು ತೆರೆದಿದ್ದರೆ ಹೋಗಿ, ಅಮ್ಮನ ಕೈ ಅಡುಗೆ ಉಣ್ಣಿ, ನಿದ್ದೆ ಮಾಡಿ. ಆದರೆ ಹೊರಡುವ ತಾರೀಖು ಮನಸ್ಸಿನಲ್ಲಿ ಗಟ್ಟಿ ಇರಲಿ. ಊರಿನಲ್ಲಿ ನೀವು "ಸಿಸ್ಟರ್ ಆಗಿದ್ದವಳು", "ಸ್ವಾಮಿ ಆಗಬೇಕಾಗಿದ್ದವನು" ಆಗಿಯೇ ಉಳಿಯುತ್ತೀರಿ. ಜಾತ್ರೆಗೆ ಬಂದ ನೆಂಟರೆಲ್ಲ ಕಾರಣ ಕೇಳುತ್ತಾರೆ. ನನ್ನ ಅನುಭವದಲ್ಲಿ ಎರಡು ತಿಂಗಳು ಹಿತ, ಆರು ತಿಂಗಳು ಉಸಿರುಗಟ್ಟು. ಹೊಸದಾಗಿ ಶುರು ಮಾಡಲು ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದಂಥ ನಡುಗಾತ್ರದ ಊರು ಒಳ್ಳೆಯದು. ಬಾಡಿಗೆ ಕೈಗೆಟುಕುತ್ತದೆ, ಶಾಲೆ ಆಸ್ಪತ್ರೆಗಳೂ ಬೇಕಾದಷ್ಟಿವೆ. ಗುರುತಿನವರು ಯಾರೂ ಇಲ್ಲದೆ ನೇರ ಬೆಂಗಳೂರಿಗೆ ಹೋಗಬೇಡಿ, ಅಡ್ವಾನ್ಸಿಗೇ ಕೈ ಖಾಲಿಯಾಗುತ್ತದೆ.

"ಆಧಾರಲ್ಲಿ ಆಶ್ರಮದ ವಿಳಾಸ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ ಗುರುಗಳ ಹೆಸರು. ಇದನ್ನೆಲ್ಲ ಸರಿ ಮಾಡೋದು ಹೇಗೆ?"

ವಿಳಾಸದಿಂದ ಶುರು ಮಾಡಿ. ಅಕ್ಕ, ಅಣ್ಣ, ಅಪ್ಪ ಯಾರಾದರೂ ಒಪ್ಪಿದರೆ ಕುಟುಂಬದ ಮುಖ್ಯಸ್ಥರಾಗಿ ಅವರ ಆಧಾರಿನ ಮೂಲಕವೇ ನಿಮ್ಮ ವಿಳಾಸ ಬದಲಿಸಬಹುದು. 2023ರಿಂದ ಇದು ಆನ್‌ಲೈನಿನಲ್ಲೇ ಆಗುತ್ತದೆ. ಯಾರೂ ಇಲ್ಲದವರು ಗೆಜೆಟೆಡ್ ಅಧಿಕಾರಿಯಿಂದ ಆಧಾರಿನ ನಿಗದಿತ ನಮೂನೆಯಲ್ಲಿ ಫೋಟೋ ಅಂಟಿಸಿ ದೃಢೀಕರಣ ಪಡೆಯಬಹುದು. ಸರ್ಕಾರಿ ಕಾಲೇಜಿನ ಪ್ರಾಂಶುಪಾಲರು, ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ವಿನಯದಿಂದ ಕೇಳಿದರೆ ಮಾಡಿಕೊಡುತ್ತಾರೆ.

ಸಾಧು ಸಂನ್ಯಾಸಿಗಳು ತಂದೆ ತಾಯಿಯ ಹೆಸರಿನ ಬದಲು ಗುರುವಿನ ಹೆಸರು ಕೊಟ್ಟು ಪಾಸ್‌ಪೋರ್ಟ್ ಪಡೆಯುವ ಅವಕಾಶ 2016ರ ಡಿಸೆಂಬರಿನಲ್ಲಿ ಬಂತು. ಹಾಗೆ ಮಾಡಿಸಿದವರು ಮೊದಲು ಆಧಾರ್, ಪ್ಯಾನ್, ಮತದಾರರ ಚೀಟಿ ಮೂರರಲ್ಲೂ ಎಸ್‌ಎಸ್‌ಎಲ್‌ಸಿಯಲ್ಲಿರುವ ಹೆಸರನ್ನೇ ತರಿಸಿ, ಪಾಸ್‌ಪೋರ್ಟಿಗೆ ಕೊನೆಯಲ್ಲಿ ಕೈ ಹಾಕಿ. ವ್ರತದ ಹೆಸರಿನಲ್ಲೇ ಪದವಿ ಪಡೆದಿದ್ದರೆ, ಎರಡೂ ಹೆಸರು ಒಬ್ಬರದ್ದೇ ಎಂದು ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿ ನಾಲ್ಕೈದು ಪ್ರತಿ ಇಟ್ಟುಕೊಳ್ಳಿ.

ಒಂದು ಸಣ್ಣ ಸಮಾಧಾನ: ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಕೆಲಸ ಹುಡುಕಿ ಅಲೆಯುವ ದಿನಗಳಲ್ಲಿ ಶಕ್ತಿ ಯೋಜನೆಯ ಬೆಲೆ ಏನೆಂದು ನಮ್ಮಂಥವರಿಗೇ ಗೊತ್ತು.

## ಮನೆ

"ಪಿಜಿ ಒಳ್ಳೇದಾ, ಬಾಡಿಗೆ ರೂಮ್ ಒಳ್ಳೇದಾ?"

ಮೊದಲ ಆರು ತಿಂಗಳಿಗೆ ಪಿಜಿ ಅಥವಾ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್. ಪಾತ್ರೆ, ಗ್ಯಾಸು, ಹಾಸಿಗೆ ಯಾವುದೂ ಕೊಳ್ಳಬೇಕಾಗಿಲ್ಲ, ಅಡ್ವಾನ್ಸ್ ಕಡಿಮೆ. ಪಕ್ಕದ ಮಂಚದಲ್ಲಿ ಒಬ್ಬರು ಉಸಿರಾಡುವ ಸದ್ದು ಕೇಳುತ್ತಾ ಮಲಗಿ ಅಭ್ಯಾಸವಾದವರಿಗೆ ಒಂಟಿ ಕೋಣೆ ಹೆದರಿಸುತ್ತದೆ, ಅದೂ ಒಂದು ಕಾರಣ. ಪ್ರತಿ ತಿಂಗಳೂ ಹಣ ಕಟ್ಟಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ.

ಆಮೇಲೆ ರೂಮು. 11 ತಿಂಗಳ ಕರಾರು ಬರೆಯುವುದು ಎಲ್ಲೆಡೆ ರೂಢಿ, ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಎನ್ನುವ ಕಾರಣಕ್ಕೆ. ಕರಾರು ನಿಮ್ಮ ಹೆಸರಿನಲ್ಲೇ ಇರಲಿ, ಭಾವನ ಹೆಸರಿನಲ್ಲಿ ಬೇಡ. ಅಡ್ವಾನ್ಸಿನಲ್ಲಿ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆಂದು ಮೊದಲೇ ಬರೆಸಿಕೊಳ್ಳಿ. ಮನೆಯವರು ಕೊಟ್ಟ ದುಡ್ಡನ್ನೆಲ್ಲ ಒಟ್ಟಿಗೆ ಸುರಿದು ಭೋಗ್ಯಕ್ಕೆ ಹಾಕಿಕೊಳ್ಳಬೇಡಿ. ಓನರ್ ಹಣ ವಾಪಸ್ ಕೊಡದೆ ಸತಾಯಿಸಿದರೆ ನಿಮ್ಮ ಬುಡವೇ ಅಲ್ಲಾಡುತ್ತದೆ.

"ಓನರ್ ಆಂಟಿ ಕೇಳ್ತಾರೆ, ಒಬ್ರೇನಾ, ಗಂಡ ಎಲ್ಲಿ, ಮುಂಚೆ ಎಲ್ಲಿದ್ರಿ ಅಂತ. ಏನ್ ಹೇಳ್ಲಿ?"

ಸುಳ್ಳು ಬೇಡ, ಪೂರ್ತಿ ಕಥೆಯೂ ಬೇಡ. "ಮದುವೆಯಾಗಿಲ್ಲ ಆಂಟಿ, ಇಷ್ಟು ವರ್ಷ ಹಾಸ್ಟೆಲ್ ನಡೆಸೋ ಸಂಸ್ಥೆಯಲ್ಲಿದ್ದೆ, ಈಗ ಇಲ್ಲಿ ಶಾಲೇಲಿ ಕೆಲಸ." ಇಷ್ಟು ನಿಜ, ಇಷ್ಟು ಸಾಕು. ಹಳೆಯ ಸಹೋದ್ಯೋಗಿ ಒಬ್ಬರ ನಂಬರ್ ಕೊಟ್ಟರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ನನ್ನ ಮೊದಲ ಕರಾರಿನ ದಿನ ಚೆನ್ನಾಗಿ ನೆನಪಿದೆ. ಟೈಪಿಸ್ಟ್ "ಬಿನ್ನೋ, ಕೋಮೋ?" ಎಂದು ಕೇಳಿದ. ನನಗೆ ಅರ್ಥವಾಗಲಿಲ್ಲ. "ಅಂದ್ರೆ ಅಪ್ಪನ ಹೆಸರಾ, ಗಂಡನ ಹೆಸರಾ ಮೇಡಂ?" ಎಂದ. 13 ವರ್ಷ ಯಾವ ಕಾಗದದ ಮೇಲೂ ಅಪ್ಪನ ಹೆಸರು ಬರೆದಿರಲಿಲ್ಲ. ಹೇಳಿದೆ. ಅವನು ಕುಟ್ಟಿದ. ಓನರ್ ಆಂಟಿ ಎರಡು ಬೀಗದ ಕೈ ಕೊಟ್ಟರು, ಒಂದು ಹಿತ್ತಾಳೆಯದು, ಒಂದು ತುಕ್ಕು ಹಿಡಿದದ್ದು. ಆ ಕೋಣೆ ಹತ್ತಡಿಗೆ ಹನ್ನೆರಡಡಿ. ಒಳಗೆ ಹೋಗಿ ಚಿಲಕ ಹಾಕಿಕೊಂಡೆ, ತೆಗೆದೆ, ಮತ್ತೆ ಹಾಕಿಕೊಂಡೆ.

"ಹಾಸ್ಟೆಲ್ ವಾರ್ಡನ್ ಕೆಲಸ ಸಿಕ್ಕಿದೆ. ಊಟ, ರೂಮು ಎರಡೂ ಫ್ರೀ. ಸೇರ್ಕೊಳ್ಲಾ?"

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಹೆಚ್ಚು ಜನ ಎಡವಿದ್ದೂ ಇಲ್ಲೇ. ವಾರ್ಡನ್, ಹೋಮ್ ನರ್ಸ್, ವೃದ್ಧಾಶ್ರಮದ ಉಸ್ತುವಾರಿ, ದೇವಸ್ಥಾನದ ಅಡುಗೆ: ನಾವು ಹೇಳಿದ ಮಾತು ಕೇಳುವವರು, ರಜೆ ಕೇಳದವರು, ಒಂಟಿಯಾಗಿರುವವರು ಎಂದು ಇಂಥ ಕೆಲಸಕ್ಕೆ ನಮ್ಮನ್ನು ಕೈ ಹಿಡಿದು ಕರೆಯುತ್ತಾರೆ. ಕೆಲಸ ಕೆಟ್ಟದ್ದಲ್ಲ. ಆದರೆ ಸೂರು, ಅನ್ನ, ಸಂಬಳ ಮೂರೂ ಒಬ್ಬರ ಕೈಯಲ್ಲಿದ್ದರೆ, ನಾವು ಬಿಟ್ಟು ಬಂದದ್ದನ್ನೇ ಮತ್ತೆ ಹುಡುಕಿಕೊಂಡ ಹಾಗಾಯಿತು. ಮೇಲಿನವರಿಗೆ ಸಿಟ್ಟು ಬಂದ ದಿನ ಕೆಲಸವೂ ಹೋಗುತ್ತದೆ, ಮನೆಯೂ ಹೋಗುತ್ತದೆ.

ಬೇರೆ ದಾರಿ ಇಲ್ಲದಿದ್ದರೆ ಸೇರಿಕೊಳ್ಳಿ, ಆರು ತಿಂಗಳ ಸೇತುವೆ ಅಂದುಕೊಂಡು. ಸಂಬಳ ನಿಮ್ಮ ಖಾತೆಗೇ ಬರಬೇಕು. ವಾರಕ್ಕೊಂದು ರಜೆ, ಕೆಲಸದ ಹೊತ್ತು ಎರಡನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ಬಾಡಿಗೆ ಉಳಿದ ಹಣವನ್ನು ಮುಟ್ಟದೆ ಕೂಡಿಟ್ಟರೆ ಅದೇ ನಿಮ್ಮ ರೂಮಿನ ಅಡ್ವಾನ್ಸ್. "ನೀವು ಸೇವಾ ಮನೋಭಾವದವರು, ಸಂಬಳ ಯಾಕೆ, ಗೌರವಧನ ಕೊಡ್ತೀವಿ" ಅಂದರೆ ಆ ಕ್ಷಣ ಎದ್ದು ಬನ್ನಿ.

## ಕೆಲಸ

"ಬಯೋಡೇಟಾದಲ್ಲಿ ಆ 11 ವರ್ಷಕ್ಕೆ ಏನಂತ ಬರೀಲಿ? ನಂಗೆ ಯಾವ ಕೆಲಸಾನೂ ಬರಲ್ಲ."

ಬರಲ್ಲ ಅನ್ನುವವರನ್ನು ಕೂರಿಸಿಕೊಂಡು ನಾನು ಕೇಳುತ್ತೇನೆ: ಬೆಳಿಗ್ಗೆ ಎದ್ದು ರಾತ್ರಿ ಮಲಗುವ ತನಕ ಏನೇನು ಮಾಡುತ್ತಿದ್ದೆ, ಹೇಳು. ಒಬ್ಬ ಹುಡುಗಿ "ಬೋರ್ಡಿಂಗ್ ನೋಡ್ಕೊಳ್ತಿದ್ದೆ, ಅಷ್ಟೇ" ಅಂದಳು. ಬಿಡಿಸಿ ಕೇಳಿದರೆ 140 ಮಕ್ಕಳ ದಿನಸಿ ಲೆಕ್ಕ, ಅಡುಗೆಯವರ ಪಾಳಿ, ಜ್ವರ ಬಂದ ಮಗುವನ್ನು ರಾತ್ರಿ ಆಸ್ಪತ್ರೆಗೆ ಒಯ್ಯುವುದು, ತಂದೆತಾಯಿಯರ ಜೊತೆ ಫೀಸಿನ ಮಾತು, ವರ್ಷದ ಕೊನೆಗೆ ಆಡಿಟ್. ಇದನ್ನು "ಹಾಸ್ಟೆಲ್ ನಿರ್ವಹಣೆ, 140 ವಿದ್ಯಾರ್ಥಿನಿಯರು, ದಾಸ್ತಾನು, ಲೆಕ್ಕಪತ್ರ, ಸಿಬ್ಬಂದಿ ಮೇಲ್ವಿಚಾರಣೆ" ಎಂದು ಬರೆದೆವು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಕಲಿತಳು. ಈಗ ಒಂದು ದಿನಸಿ ಸಗಟು ಅಂಗಡಿಯ ಲೆಕ್ಕವೆಲ್ಲ ಅವಳ ಕೈಯಲ್ಲಿದೆ.

ಆಶ್ರಮದಲ್ಲಿ ಪುಸ್ತಕ ಮಾರಾಟ ನೋಡಿಕೊಂಡವರು, ದಾಸೋಹಕ್ಕೆ ಸಾವಿರ ಜನರ ಅಡುಗೆ ಮಾಡಿದವರು, ಗೋಶಾಲೆ ಸಂಭಾಳಿಸಿದವರು, ಪ್ರವಚನ ಅನುವಾದಿಸಿದವರು ಹೀಗೆಯೇ ಬರೆಯಬಹುದು. ಸಂಸ್ಥೆಯ ಹೆಸರು ಹಾಕಲು ಮನಸ್ಸಿಲ್ಲದಿದ್ದರೆ "ಧಾರ್ಮಿಕ ಸೇವಾ ಸಂಸ್ಥೆ" ಎಂದು ಬರೆದರೂ ನಡೆಯುತ್ತದೆ.

ಅನುದಾನಿತ ಶಾಲೆಯಲ್ಲಿ ನಿಮ್ಮ ಹೆಸರಿನಲ್ಲಿ ಸಂಬಳ ಬರುತ್ತಿತ್ತಾ? ಕೈಗೆ ಒಂದು ರೂಪಾಯಿ ಬಾರದಿದ್ದರೂ, ತೆರಿಗೆ ಕಡಿತವಾಗಿದ್ದರೆ ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ ನಿಮ್ಮ ಪ್ಯಾನ್ ಹಾಕಿ ಫಾರಂ 26ಎಎಸ್ ತೆಗೆಯಿರಿ. ಯಾವ ಸಂಸ್ಥೆ, ಯಾವ ವರ್ಷ, ಎಷ್ಟು ಸಂಬಳ ಎಲ್ಲ ಅಲ್ಲಿರುತ್ತದೆ. ಅವರು ಅನುಭವ ಪತ್ರ ಕೊಡದಿದ್ದರೂ ಇದು ಸಾಕ್ಷಿ.

"ಯಾಕೆ ಬಿಟ್ರಿ ಅಂತ ಇಂಟರ್‌ವ್ಯೂನಲ್ಲಿ ಕೇಳಿದ್ರೆ?"

"ಅಲ್ಲಿ ಬಹಳ ಕಲಿತೆ, ಈಗ ಸ್ವತಂತ್ರವಾಗಿ ಬದುಕಬೇಕು ಅಂತ ತೀರ್ಮಾನ ಮಾಡಿದೆ." ಇದನ್ನು ಕನ್ನಡಿ ಮುಂದೆ ಇಪ್ಪತ್ತು ಸಲ ಹೇಳಿ ಅಭ್ಯಾಸ ಮಾಡಿ, ಗಂಟಲು ಕಟ್ಟದೆ ಬರುವ ತನಕ. ಒಳಗಿನ ನೋವನ್ನು ಅಲ್ಲಿ ಬಿಚ್ಚಬೇಡಿ, ಕೇಳುವವರಿಗೆ ಅದರ ಹಕ್ಕಿಲ್ಲ.

"ನಾ ಕಲ್ತಿದ್ದು ಎಂಟನೇತ್ತಾ ಅಷ್ಟ ರೀ. ಆಮ್ಯಾಲ ಮಠದಾಗ ಸಂಸ್ಕೃತ, ವಚನ ಕಲ್ತೀನಿ. ನನಗ ಯಾರ್ ಕೆಲಸ ಕೊಡ್ತಾರ?"

ಹೊಟ್ಟೆಪಾಡಿಗೆ ತಕ್ಷಣ ಒಂದು ಕಸುಬು, ಪಕ್ಕದಲ್ಲಿ ಹತ್ತನೇ ತರಗತಿ. ಎರಡನ್ನೂ ಒಟ್ಟಿಗೆ ನಡೆಸಿ.

ಕಸುಬಿಗೆ ರುಡ್‌ಸೆಟ್ ಎಂಬ ಸ್ವ ಉದ್ಯೋಗ ತರಬೇತಿ ಸಂಸ್ಥೆ ನೋಡಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಈ ಸಂಸ್ಥೆಯ ಮಾದರಿಯಲ್ಲೇ ಈಗ ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳೆಂಬ ತರಬೇತಿ ಕೇಂದ್ರಗಳಿವೆ. ಮೊಬೈಲ್ ರಿಪೇರಿ, ವೈರಿಂಗ್, ಹೊಲಿಗೆ, ಹೈನುಗಾರಿಕೆ, ಹೀಗೆ ಹಲವು ತರಬೇತಿ. ಊಟ ವಸತಿಯೂ ಸೇರಿ ಎಲ್ಲ ಉಚಿತ. ಸೂರೂ ಕಸುಬೂ ಕೆಲವು ವಾರ ಒಟ್ಟಿಗೆ ಸಿಗುವ ಇಂಥ ಜಾಗ ಗಂಡುಹುಡುಗರಿಗೆ ಬೇರೆ ಇಲ್ಲ ಎಂದೇ ಹೇಳಬೇಕು.

ಓದಿಗೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 14 ತುಂಬಿದ ಯಾರೂ ಹತ್ತನೇ ತರಗತಿಗೆ ನೋಂದಾಯಿಸಬಹುದು, ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಸಂಸ್ಕೃತವನ್ನೇ ಒಂದು ವಿಷಯವಾಗಿ ತೆಗೆದುಕೊಳ್ಳಿ, ನಿಮಗೆ ಅದು ನೀರು ಕುಡಿದಷ್ಟು ಸುಲಭ. ಪಿಯುಸಿ ಮಟ್ಟ ಮುಗಿದ ಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಪದವಿ ಮಾಡಬಹುದು. ಗುರುಮಠದಲ್ಲಿ ತತ್ವಶಾಸ್ತ್ರ ಓದಿ ಬಂದವರಿಗೂ ಇದೇ ಮಾತು: ನಿಮ್ಮ ಪದವಿಗೆ ವಿಶ್ವವಿದ್ಯಾನಿಲಯದ ಮಾನ್ಯತೆ ಇದೆಯೇ ನೋಡಿ, ಇಲ್ಲದಿದ್ದರೆ ಹೊಸದಾಗಿ ಬಿಎ ಕಟ್ಟಲು ತಡ ಮಾಡಬೇಡಿ.

"ನಂಗೀಗ 52. ಈ ವಯಸ್ಸಲ್ಲಿ ಯಾರು ಕೆಲಸ ಕೊಡ್ತಾರೆ?"

ಕೊಡುತ್ತಾರೆ, ಸಂಬಳ ಕಡಿಮೆ ಇರುತ್ತದೆ. ಮನೆಪಾಠ, ಡೇ ಕೇರ್, ಆಸ್ಪತ್ರೆಯ ಸ್ವಾಗತ ಕೌಂಟರ್, ಮೆಡಿಕಲ್ ಸ್ಟೋರಿನ ಲೆಕ್ಕ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಸೇರಿದರೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕೇಳಿ, ಈ ವಯಸ್ಸಿನಲ್ಲಿ ಆಸ್ಪತ್ರೆ ಖರ್ಚೇ ದೊಡ್ಡ ಭಯ. ಬಿಪಿಎಲ್ ಕಾರ್ಡ್ ಆದರೆ ಮನಸ್ವಿನಿ ಯೋಜನೆಗೆ ಅರ್ಜಿ ಹಾಕಿ: 40ರಿಂದ 64 ವರ್ಷದ ಅವಿವಾಹಿತ ಮಹಿಳೆಯರಿಗೆ ತಿಂಗಳಿಗೆ 800 ರೂಪಾಯಿ. ಸಣ್ಣ ಮೊತ್ತ, ನಿಜ. ಆದರೆ ಮದುವೆಯಾಗದ ಹೆಣ್ಣನ್ನೂ ಲೆಕ್ಕಕ್ಕೆ ಹಿಡಿದ ಯೋಜನೆ ಇದು, ಮಾಜಿ ಧರ್ಮಭಗಿನಿಯರಲ್ಲಿ ಅರ್ಜಿ ಹಾಕಿದವರನ್ನು ನಾನು ಒಬ್ಬರನ್ನೂ ಕಂಡಿಲ್ಲ. ನಾಡಕಚೇರಿಯಲ್ಲಿ ಕೇಳಿ. 65 ಆದ ಮೇಲೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ.

## ಹಣ, ಆಸ್ತಿ, ಸಂಬಂಧ

"22 ವರ್ಷ ದುಡಿದೆ. ಬಿಟ್ಟು ಬರುವಾಗ ಏನಾದ್ರೂ ಕೊಡಲೇಬೇಕಲ್ವಾ?"

ಚರ್ಚಿನ ಕಾನೂನಿನ 702ನೇ ವಿಧಿ ಎರಡು ಮಾತು ಹೇಳುತ್ತದೆ. ಸಭೆಯಲ್ಲಿ ಮಾಡಿದ ಕೆಲಸಕ್ಕೆ ಹೊರಗೆ ಹೋಗುವವರು ಏನನ್ನೂ ಕೇಳುವಂತಿಲ್ಲ ಅನ್ನುವುದು ಮೊದಲನೆಯದು. ಹಾಗಿದ್ದರೂ ಸಭೆಯು ಅವರ ವಿಷಯದಲ್ಲಿ ನ್ಯಾಯವನ್ನೂ ಸುವಾರ್ತೆಯ ಪ್ರೀತಿಯನ್ನೂ ಪಾಲಿಸಬೇಕು ಅನ್ನುವುದು ಎರಡನೆಯದು. ಮೊದಲನೆಯದನ್ನು ನಮಗೆ ಬಾಯಿಪಾಠ ಮಾಡಿಸಿರುತ್ತಾರೆ. ಎರಡನೆಯದನ್ನು ನಿಮ್ಮ ಪತ್ರದಲ್ಲಿ ನೀವು ಉದಾಹರಿಸಿ, ಒಂದು ವರ್ಷದ ಬಾಡಿಗೆ ಮತ್ತು ಊಟಕ್ಕೆ ಎಷ್ಟು ಬೇಕೆಂದು ಅಂಕಿ ಸಮೇತ ಕೇಳಿ. ಭಿಕ್ಷೆ ಎಂದುಕೊಳ್ಳಬೇಡಿ. "ನನಗೆ ಬರಬೇಕಾದ್ದೆಲ್ಲ ಬಂದಿದೆ" ಎನ್ನುವ ಕಾಗದಕ್ಕೆ ಓದದೆ ಸಹಿ ಹಾಕಬೇಡಿ.

ಅನುದಾನಿತ ಶಾಲೆಯ ಹುದ್ದೆಯಲ್ಲಿದ್ದರೆ ವಿಷಯ ಬೇರೆ. ಧರ್ಮಭಗಿನಿಯರು ಮತ್ತು ಪಾದ್ರಿಗಳ ಸಂಬಳಕ್ಕೂ ಮೂಲದಲ್ಲೇ ತೆರಿಗೆ ಕಡಿತ ಆಗಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಎತ್ತಿಹಿಡಿಯಿತು. ಸಂಬಳವನ್ನು ಸಭೆಗೆ ಒಪ್ಪಿಸಿದರೂ ಕಾನೂನಿನ ಕಣ್ಣಿಗೆ ಅದು ನಿಮ್ಮ ಸಂಬಳ ಎಂದಾಯಿತು. ಸಭೆ ಬಿಡುವುದು ಬೇರೆ, ಹುದ್ದೆ ಬಿಡುವುದು ಬೇರೆ. ಒತ್ತಾಯಕ್ಕೆ ರಾಜೀನಾಮೆ ಬರೆದುಕೊಡುವ ಮೊದಲು ವಕೀಲರನ್ನು ಕಾಣಿ. ಪಿಎಫ್ ಕಡಿತವಾಗಿದ್ದರೆ ಅದು ನಿಮ್ಮದೇ, ಪಿಎಫ್ ಖಾತೆಯ ಯುಎಎನ್ ನಂಬರ್ ಹುಡುಕಿ.

"ಅಪ್ಪನ ಆಸ್ತೀಲಿ ನಂಗೆ ಪಾಲು ಉಂಟಾ? ಸಂನ್ಯಾಸ ತಗೊಂಡವರಿಗೆ ಇಲ್ಲ ಅಂತಾರೆ ಅಣ್ಣಂದಿರು."

ಹಿಂದೂಗಳಲ್ಲಿ, ಶಾಸ್ತ್ರೋಕ್ತವಾಗಿ ಸಂನ್ಯಾಸ ಪಡೆದವರಿಗೆ ಪೂರ್ವಾಶ್ರಮದ ಆಸ್ತಿಯ ನಂಟು ಕಡಿಯುತ್ತದೆ ಎನ್ನುವ ಹಳೆಯ ನಿಯಮವಿದೆ. ಆದರೆ ಕಾವಿ ಉಟ್ಟ ಮಾತ್ರಕ್ಕೆ ಸಂನ್ಯಾಸಿ ಆಗುವುದಿಲ್ಲ. ವಿಧಿಗಳು ನಡೆದು ಲೌಕಿಕವನ್ನು ಪೂರ್ತಿ ತ್ಯಜಿಸಿದ್ದಾರೆಂದು ಸಾಬೀತು ಮಾಡಬೇಕಾಗುತ್ತದೆ. ಬ್ರಹ್ಮಚಾರಿ ದೀಕ್ಷೆಯಲ್ಲೇ ಇದ್ದವರು, ಮರಿಯಾಗಿದ್ದವರು ಅಣ್ಣಂದಿರ ಒಂದು ಮಾತಿಗೆ ಹೆದರಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ವ್ರತ ತೆಗೆದುಕೊಂಡ ಮಗಳಿಗೆ ಪಾಲಿಲ್ಲ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಇನ್ನೊಂದು, ಬಹಳ ಜನ ಮರೆತೇಬಿಡುವುದು. ಕೊನೆಯ ವ್ರತಕ್ಕೆ ಮುಂಚೆ ನಮ್ಮಿಂದ ಒಂದು ವಿಲ್ ಬರೆಸಿರುತ್ತಾರೆ. ನಿಮ್ಮದನ್ನು ಯಾರ ಹೆಸರಿಗೆ ಬರೆದಿದ್ದೀರಿ ನೆನಪಿದೆಯಾ? ವಿಲ್ಲನ್ನು ಬದುಕಿರುವ ತನಕ ಬದಲಿಸಬಹುದು. ಹೊರಗೆ ಬಂದ ತಿಂಗಳೇ ಹೊಸದು ಬರೆದು, ಹಳೆಯದನ್ನು ರದ್ದು ಮಾಡಿದ್ದೇನೆಂದು ಅದರಲ್ಲೇ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ನೋಂದಣಿಯಾದ ದಾನಪತ್ರ ಕೊಟ್ಟಿದ್ದರೆ ಹಿಂದೆ ಪಡೆಯುವುದು ಕಷ್ಟ, ಅದಕ್ಕೆ ವಕೀಲರೇ ಬೇಕು.

"ಮನೆಯವರು ಮದುವೆ ಮಾಡಿಬಿಡ್ತೀವಿ, ಎಲ್ಲ ಸರಿಹೋಗುತ್ತೆ ಅಂತಾರೆ."

ಮದುವೆ ನಿಮಗೆ ಬೇಕಿದ್ದರೆ ಆಗಿ. ಕಥೋಲಿಕ ಸಭೆಯಿಂದ ಬಿಡುಗಡೆಯ ಅನುಮತಿ ಪತ್ರ ಬಂದರೆ ಅದರಲ್ಲೇ ವ್ರತಗಳಿಂದ ವಿನಾಯಿತಿಯೂ ಸೇರಿರುತ್ತದೆ, ಚರ್ಚಿನಲ್ಲೇ ಮದುವೆಯಾಗಬಹುದು. ಪಾದ್ರಿಯಾಗಿದ್ದವರಿಗೆ ಮಾತ್ರ ಪೋಪ್ ಅವರಿಂದ ಪ್ರತ್ಯೇಕ ವಿನಾಯಿತಿ ಬೇಕು. ಆದರೆ ಸೂರಿಗಾಗಿ ಮದುವೆ ಬೇಡ. ಒಂದು ವರ್ಷ ಸ್ವಂತ ಬಾಡಿಗೆ ಕಟ್ಟಿ, ಆಮೇಲೆ ಗಂಡು ನೋಡಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಈ ಮಾತಿಗೆ ಎಷ್ಟೋ ತಾಯಂದಿರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

"ಬೆಳಿಗ್ಗೆ ಐದಕ್ಕೆ ಎಚ್ಚರ ಆಗುತ್ತೆ. ಗಂಟೆ ಹೊಡೆದ ಹಾಗೆ. ಎದ್ದು ಏನು ಮಾಡಬೇಕೋ ಗೊತ್ತಾಗಲ್ಲ, ಅಳು ಬರುತ್ತೆ."

ನನಗೂ ಎರಡು ವರ್ಷ ಹಾಗೇ ಆಗುತ್ತಿತ್ತು. ಎದ್ದು ಹಾಲು ಕಾಯಿಸಿ, ಕಾಫಿ ಮಾಡಿಕೊಂಡು, ಬಾಗಿಲು ತೆರೆದು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಪೇಪರ್ ಹುಡುಗ, ಹೂವಿನಮ್ಮ, ವಾಕಿಂಗ್ ಹೋಗುವ ಮೇಷ್ಟ್ರು ಒಬ್ಬೊಬ್ಬರೇ ಪರಿಚಯವಾದರು. ಪ್ರಾರ್ಥನೆ ಮಾಡಬೇಕೆನಿಸಿದರೆ ಮಾಡಿ, ಬೇಡವೆನಿಸಿದರೆ ಬಿಡಿ. ಯಾವುದಕ್ಕೂ ಯಾರ ಅಪ್ಪಣೆಯೂ ಬೇಡ. ಅಳು ವಾರಗಟ್ಟಲೆ ನಿಲ್ಲದಿದ್ದರೆ, ಬದುಕು ಸಾಕೆನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

"ನನ್ನ ಜೊತೆಯವಳು ಇನ್ನೂ ಒಳಗಿದ್ದಾಳೆ. ಬರ್ತೀನಿ ಅಂತಿದ್ದಾಳೆ. ನಾನೇನು ಮಾಡಲಿ?"

ಬಾ ಎಂದು ಒತ್ತಾಯ ಮಾಡಬೇಡಿ, ಬರಬೇಡ ಎಂದು ಹೆದರಿಸಲೂ ಬೇಡಿ. ಹದಿನೈದು ದಿನ ಇರಲು ಜಾಗ ಕೊಡಬಲ್ಲಿರಾ ಎಂದು ಮೊದಲು ನಿಮ್ಮ ಮನೆಯ ಲೆಕ್ಕ ನೋಡಿಕೊಳ್ಳಿ, ಕೊಡಬಲ್ಲಿರಾದರೆ ಅಷ್ಟನ್ನೇ ಹೇಳಿ. ಆಧಾರಿನ ಮೊಬೈಲ್ ನಂಬರಿನ ವಿಷಯ ತಿಳಿಸಿ. ಬರುವ ದಿನ ಬಸ್‌ಸ್ಟ್ಯಾಂಡಿಗೆ ನೀವೇ ಹೋಗಿ. ಒಂದು ಜೊತೆ ಚೂಡಿದಾರ್, ಒಂದು ಬಾಚಣಿಗೆ, ಚಪ್ಪಲಿ ತೆಗೆದುಕೊಂಡು ಹೋಗಿ. ಹೆಚ್ಚಿನವರು ನಿಲುವಂಗಿಯಲ್ಲೇ ಬಂದಿರುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ನೋಡುತ್ತಿರುತ್ತಾರೆ.